ವಿಕಲಚೇತನರ ಸೇವೆ ಮನೆಬಾಗಿಲಿಗೆ ಬರಲಿ

(ಬೆಂಗಳೂರಿನ ಆರ್‌ಪಿಸಿ ಲೇಔಟ್‌ನಲ್ಲಿ ನಡೆದ ಮಾಸಿಕ ಚಿಂತನಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಇಲ್ಲಿ ಸಾಮಾನ್ಯವಾಗಿ ಒಬ್ಬ ಶರಣರ ಜೀವನದ ಬಗ್ಗೆಯೋ ಒಂದು ವಚನದ ಬಗ್ಗೆಯೋ ಉಪನ್ಯಾಸ ಇರುತ್ತದೆ. ನಾನು ಸಾಹಿತ್ಯ ಓದಿದವನಲ್ಲ. ಮೂವತ್ತೈದು ವರ್ಷ ಸರ್ಕಾರಿ ಸೇವೆಯಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಡಗಳ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ನನಗೆ ತಿಳಿದ ದಾರಿಯಲ್ಲೇ ಮಾತನಾಡುತ್ತೇನೆ. ಇಂದಿನ ವಿಷಯ, ವಿಕಲಚೇತನರಿಗೆ ಅವರ ಮನೆಯಲ್ಲೇ, ಅವರ ಬೀದಿಯಲ್ಲೇ ಸಿಗಬೇಕಾದ ನೆರವು. ನಮ್ಮ ಸಮಾಜ ಇದಕ್ಕೆ ಏನು ಮಾಡಬಹುದು ಎಂಬುದನ್ನು ಪೂಜ್ಯರ ಮುಂದೆಯೇ ಬಿನ್ನವಿಸಿಕೊಳ್ಳುತ್ತೇನೆ.

ಮೊದಲು ನಮ್ಮ ಬಡಾವಣೆಯನ್ನೇ ನೋಡೋಣ. ಇಲ್ಲಿಂದ ಹಂಪಿನಗರದ ಗ್ರಂಥಾಲಯಕ್ಕೆ ನಡೆದು ಹೋಗಬಹುದು. ಅತ್ತಿಗುಪ್ಪೆಯಲ್ಲಿ, ವಿಜಯನಗರದಲ್ಲಿ ಮೆಟ್ರೋ ನಿಲ್ದಾಣಗಳಿವೆ, ಅವುಗಳಲ್ಲಿ ಲಿಫ್ಟ್ ಇದೆ. ಆದರೆ ಗಾಲಿಕುರ್ಚಿಯಲ್ಲಿ ಕೂತವರು ಆ ಲಿಫ್ಟ್‌ನವರೆಗೆ ಹೋಗುವುದು ಹೇಗೆ? ಮನೆಯ ಮೂರು ಮೆಟ್ಟಿಲು ಇಳಿಯಬೇಕು, ಗೇಟಿನ ಮುಂದಿನ ಚರಂಡಿಯ ಚಪ್ಪಡಿ ದಾಟಬೇಕು, ಸ್ಕೂಟರುಗಳು ನಿಂತ ಫುಟ್‌ಪಾತ್ ಬಿಟ್ಟು ರಸ್ತೆಯಲ್ಲೇ ಹೋಗಬೇಕು. ಹೀಗಾಗಿ ಅವರು ಹೊರಗೆ ಬರುವುದೇ ಇಲ್ಲ. ಅವರು ಬರದ ಕಾರಣ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ ಕಾರಣ ನಮ್ಮ ಬಡಾವಣೆಯಲ್ಲಿ ಅಂಥವರು ಯಾರೂ ಇಲ್ಲ ಎಂದುಕೊಂಡಿದ್ದೇವೆ.

ಲೆಕ್ಕ ಬೇರೆಯೇ ಹೇಳುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ದಾಖಲಾದ ವಿಕಲಚೇತನರ ಸಂಖ್ಯೆ 13 ಲಕ್ಷ 24 ಸಾವಿರ. ಆ ಗಣತಿ ಎಂಟು ಬಗೆಯ ವೈಕಲ್ಯಗಳನ್ನು ಮಾತ್ರ ಕೇಳಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಆಟಿಸಂ, ಪಾರ್ಕಿನ್ಸನ್ಸ್, ಸ್ನಾಯುಕ್ಷಯ ಎಲ್ಲವೂ ಅದರಲ್ಲಿವೆ. ಅಂದರೆ ಅಷ್ಟು ಜನ ಯಾವುದಾದರೂ ಬೀದಿಯ ಯಾವುದಾದರೂ ಮನೆಯ ಒಳಕೋಣೆಯಲ್ಲಿ ಇದ್ದೇ ಇದ್ದಾರೆ.

ಇಂಥ ಮನೆಗಳಲ್ಲಿ ನನಗೆ ಪರಿಚಯವಿರುವ ಒಂದು ಮನೆಯ ಮಾತು ಹೇಳುತ್ತೇನೆ, ಹೆಸರು ಬೇಡ. ಯಜಮಾನರು ತೀರಿಕೊಂಡು ಕೆಲವು ವರ್ಷವಾಯಿತು. ತಾಯಿಗೆ ಎಪ್ಪತ್ತಾರು. ಮಗನಿಗೆ ನಲವತ್ತೈದು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಮಾತು ತಡವರಿಸುತ್ತದೆ, ತಿಳಿವಳಿಕೆಗೆ ಏನೂ ಕೊರತೆಯಿಲ್ಲ. ರೇಡಿಯೋದಲ್ಲಿ ಕ್ರಿಕೆಟ್ ಕೇಳಿ ಓವರಿಗೆ ಎಷ್ಟು ರನ್ ಬೇಕೆಂದು ನನಗಿಂತ ಬೇಗ ಹೇಳುತ್ತಾನೆ. ಅವನನ್ನು ಹಾಸಿಗೆಯಿಂದ ಎಬ್ಬಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಊಟ ಮಾಡಿಸುವುದು ಎಲ್ಲವೂ ಆ ತಾಯಿಯೇ. ಮಗಳು ಬೇರೆ ಊರಲ್ಲಿದ್ದಾಳೆ. ಒಮ್ಮೆ ಆ ತಾಯಿ ನನ್ನನ್ನು ಕೇಳಿದರು: “ನೋಡಪ್ಪಾ, ನನಗೆ ಕಾಯಿಲೆ ಬಂದರೆ ಆಸ್ಪತ್ರೆಗೆ ಸೇರೋಕೂ ಭಯ. ಒಂದು ರಾತ್ರಿ ನಾನಿಲ್ಲ ಅಂದರೆ ಇವನ್ನ ಮಗ್ಗುಲಿಗೆ ಹೊರಳಿಸೋರು ಯಾರು? ನಾನು ಹೋದ ಮೇಲೆ ಇವನ ಗತಿ ಏನು?”

“ಅಕ್ಕ, ಮಠ ಇದೆಯಲ್ಲ” ಎಂದು ಪಕ್ಕದಲ್ಲಿದ್ದ ಒಬ್ಬರು ಸಮಾಧಾನ ಹೇಳಿದರು. ಒಳಗಿನಿಂದ ಮಗನೇ ಉತ್ತರ ಕೊಟ್ಟ. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, “ನಾನು ಇಲ್ಲೇ ಇರ್ತೀನಿ” ಎಂದ.

ಬಂಧುಗಳೇ, ನನ್ನ ಮಾತಿಗೆ ಆ ಮೂರು ಪದಗಳೇ ಆಧಾರ. ನಾವು ಇವನನ್ನು ಎಲ್ಲಿಗೆ ಸೇರಿಸೋಣ ಎಂದು ಯೋಚಿಸುತ್ತೇವೆ. ಅವನು ನಾನು ಇಲ್ಲೇ ಇರಲು ಏನು ಬೇಕು ಎಂದು ಕೇಳುತ್ತಿದ್ದಾನೆ. ಈ ಎರಡು ಪ್ರಶ್ನೆಗಳು ಒಂದೇ ಅಲ್ಲ.

ನಮ್ಮ ಮಠಗಳು ಈ ವಿಷಯದಲ್ಲಿ ಕೈಕಟ್ಟಿ ಕೂತಿಲ್ಲ ಎಂಬುದನ್ನು ಮೊದಲು ಕೃತಜ್ಞತೆಯಿಂದ ಹೇಳಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಯಾರು ಮರೆಯಲಾದೀತು? ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಗುರುತಿಸಿ ಸಂಗೀತ ಕಲಿಸಿದರು. ಅವರೇ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. 2010ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಅನ್ನ, ಅರಿವು, ಸಂಗೀತ ಕೊಟ್ಟರು. ಕುರುಡ ಎಂದರೆ ಭಿಕ್ಷೆ ಎಂದುಕೊಂಡಿದ್ದ ನಾಡಿನಲ್ಲಿ ಅವನ ಕೈಗೆ ಕಾಯಕ ಕೊಟ್ಟ ಜಾಗ ಅದು. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನಲ್ಲಿ 1991ರಿಂದ ವಿಕಲಚೇತನರಿಗೆಂದೇ ಪಾಲಿಟೆಕ್ನಿಕ್ ನಡೆಸುತ್ತಿದೆ. ಡಿಪ್ಲೊಮಾ ಪಡೆದು ಹೊರಬಂದವರು ಸ್ವಂತ ಕಾಲ ಮೇಲೆ ನಿಂತಿದ್ದಾರೆ.

ಒಂದು ಸಂಗತಿಯನ್ನು ಗಮನಿಸಿ. ಗದಗಿನ ಆಶ್ರಮ ಮೊದಲು ಕಟ್ಟಡವಾಗಿರಲಿಲ್ಲ. ಪಂಚಾಕ್ಷರ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುವ ಸಂಗೀತ ಶಾಲೆ ನಡೆಸಿದರು. ಗದಗಿನಲ್ಲಿ ನೆಲೆ ಸಿಕ್ಕಿದ್ದು ಆಮೇಲೆ. ಅಂದರೆ ಆ ಸೇವೆ ಜಂಗಮವಾಗಿ ಹುಟ್ಟಿ, ಆಮೇಲೆ ಸ್ಥಾವರವಾಯಿತು. ಇಂದು ನಾವು ಸೇವೆ ಎಂದ ಕೂಡಲೇ ಮೊದಲು ನಿವೇಶನ ಹುಡುಕುತ್ತೇವೆ, ಶಂಕುಸ್ಥಾಪನೆ ಮಾಡುತ್ತೇವೆ. ಕಟ್ಟಡ ಕಟ್ಟುವುದು ನನ್ನ ಕಾಯಕವಾಗಿತ್ತು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಕೆತ್ತಿಸಬಹುದು. ಪ್ರತಿ ಮಂಗಳವಾರ ಒಂದು ಮನೆಗೆ ಹೋಗಿ ಒಬ್ಬನ ಕೈಕಾಲಿಗೆ ವ್ಯಾಯಾಮ ಮಾಡಿಸಿ ಬರುವ ಹುಡುಗಿಯ ಸಂಬಳಕ್ಕೆ ದಾನಿಗಳು ಸಿಗುವುದು ಕಷ್ಟ.

ಶರಣರು ದೇವರನ್ನು ಅಂಗೈಗೆ ತಂದುಕೊಟ್ಟರು. ಮೆಟ್ಟಿಲು ಹತ್ತಲಾಗದವನಿಗೂ ಪೂಜೆ ತಪ್ಪದ ಧರ್ಮ ನಮ್ಮದು. ಹಾಸಿಗೆಯಲ್ಲಿರುವವನೂ ಇಷ್ಟಲಿಂಗವನ್ನು ನೋಡಬಲ್ಲ. ದೇವರೇ ಭಕ್ತನ ಬಳಿಗೆ ಬಂದ ಮೇಲೆ ನಮ್ಮ ಸೇವೆ ಅವನ ಬಳಿಗೆ ಹೋಗಲಾರದೇ?

ಇನ್ನು ಕಾನೂನು ಏನು ಹೇಳುತ್ತದೆ ಎಂದು ನೋಡೋಣ. 2016ರ ಕಾಯ್ದೆಯ 5ನೇ ಕಲಂ ಪ್ರಕಾರ ವಿಕಲಚೇತನರಿಗೆ ಸಮುದಾಯದ ನಡುವೆ ಬಾಳುವ ಹಕ್ಕಿದೆ. ಇಂಥದೇ ಜಾಗದಲ್ಲಿ ಇರಬೇಕೆಂದು ಅವರನ್ನು ಕಟ್ಟಿಹಾಕದಂತೆ ನೋಡಿಕೊಳ್ಳಲು, ಮನೆಯಲ್ಲೇ ದೊರೆಯುವ ನೆರವು, ವೈಯಕ್ತಿಕ ಸಹಾಯಕರ ನೆರವು ಒದಗಿಸಲು ಸರ್ಕಾರ ಶ್ರಮಿಸಬೇಕು. 24ನೇ ಕಲಂ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಕಲಂ ಇನ್ನೂ ಸ್ಪಷ್ಟ. ಮನೆಯವರು ಬೇಡವೆಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ.

ನಮ್ಮ ಬಡಾವಣೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲೂ ಇದು ಸುಲಭವಾಗಿ ಸಿಕ್ಕಿದ್ದಲ್ಲ. ವೈದ್ಯರು ಹೊರಗೆ ಬದುಕಬಲ್ಲರು ಎಂದ ಮೇಲೂ ಜಾರ್ಜಿಯಾ ರಾಜ್ಯದ ಆಸ್ಪತ್ರೆಯಲ್ಲೇ ಉಳಿದಿದ್ದ ಇಬ್ಬರು ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಹೋದರು. ಕಾರಣವಿಲ್ಲದೆ ಸಮುದಾಯದಿಂದ ದೂರವಿಡುವುದೇ ತಾರತಮ್ಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿತು.

ಇದೆಲ್ಲ ಪರದೇಶದ ಮಾತು, ನಮ್ಮಲ್ಲಿ ನಡೆಯುವುದಿಲ್ಲ ಎನ್ನಬೇಡಿ. ನಮ್ಮ ರಾಜ್ಯದಲ್ಲೇ ನಡೆದಿದೆ. 1985ರಿಂದ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಮಾನಸಿಕ ಕಾಯಿಲೆಯವರನ್ನು ಬೆಂಗಳೂರಿಗೆ ಕರೆತರುವ ಬದಲು ಅವರ ಊರಿನ ಹತ್ತಿರವೇ ಔಷಧಿ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇನ್ನು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ, ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಲ್ಲಿ ಬಹುಪಾಲು ಸ್ವತಃ ವಿಕಲಚೇತನರು. ಗೌರವಧನದ ಮೇಲೆ ದುಡಿಯುತ್ತಾರೆ. ಮಾಸಾಶನದ ಅರ್ಜಿ, ಗುರುತಿನ ಚೀಟಿ, ಸಾಧನ ಸಲಕರಣೆ ಎಲ್ಲಕ್ಕೂ ಮೊದಲು ಸಿಗಬೇಕಾದವರು ಇವರೇ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯಿರುವ ಮಕ್ಕಳಿಗೆ ಶಿಕ್ಷಣ ಇಲಾಖೆಯಲ್ಲಿ ಗೃಹಾಧಾರಿತ ಶಿಕ್ಷಣವಿದೆ, ಶಿಕ್ಷಕರೇ ಮನೆಗೆ ಬಂದು ಕಲಿಸುತ್ತಾರೆ. ನಮ್ಮ ಬೆಂಗಳೂರಿನಲ್ಲೇ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು 1959ರಲ್ಲಿ ಆರಂಭಿಸಿದವರು ಪೋಲಿಯೊದಿಂದ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ.

ಆದರೆ ನಾವು ಮುಖ್ಯವಾಗಿ ಕಲಿಯಬೇಕಾದದ್ದು ಪಕ್ಕದ ಕೇರಳದಿಂದ. ಅಲ್ಲಿ ಕೋಳಿಕೋಡಿನಲ್ಲಿ 1993ರಲ್ಲಿ ಕ್ಯಾನ್ಸರ್ ರೋಗಿಗಳ ನೋವು ಶಮನಕ್ಕೆ ಒಂದು ಸಂಸ್ಥೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಆಸ್ಪತ್ರೆಯಿಂದ ಹೊರಗೆ ಬಂತು. ಮಲಪ್ಪುರಂ ಜಿಲ್ಲೆಯ ಊರುಗಳಲ್ಲಿ ಅಂಗಡಿಯವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ವಾರಕ್ಕೆ ಕೆಲವು ಗಂಟೆ ಕೊಡಲು ಮುಂದೆ ಬಂದರು. ಅವರಿಗೆ ತರಬೇತಿ ಸಿಕ್ಕಿತು. ಒಬ್ಬ ನರ್ಸಿನ ಜೊತೆ ಮನೆಮನೆಗೆ ಹೋಗತೊಡಗಿದರು. ಕ್ಯಾನ್ಸರಿನವರು ಮಾತ್ರವಲ್ಲ, ಪಾರ್ಶ್ವವಾಯು ಹೊಡೆದವರು, ಬೆನ್ನುಹುರಿ ಪೆಟ್ಟಾದವರು, ಹಾಸಿಗೆ ಹಿಡಿದ ಮುದುಕರು ಎಲ್ಲರೂ ಅದರ ವ್ಯಾಪ್ತಿಗೆ ಬಂದರು. ಜನ ಮಾಡಿ ತೋರಿಸಿದ ಮೇಲೆ 2008ರಲ್ಲಿ ಆ ಸರ್ಕಾರ ಉಪಶಾಮಕ ಆರೈಕೆಗೆ ನೀತಿ ರೂಪಿಸಿತು. ಮೊದಲು ಬೀದಿಯವರು ಹೋದರು, ಸರ್ಕಾರ ಹಿಂದೆ ಬಂತು. ಇದು ದಾಸೋಹವಲ್ಲದೆ ಮತ್ತೇನು?

ಈಗ ನನ್ನ ವೃತ್ತಿಯ ಮಾತು. ಮನೆಯೇ ಸರಿಯಿಲ್ಲದಿದ್ದರೆ ಮನೆಯಲ್ಲಿ ನೆರವು ಎಂಬುದಕ್ಕೆ ಅರ್ಥವಿಲ್ಲ. ಇಳಿಜಾರಿನ ನಿಯಮ ಹನ್ನೆರಡಕ್ಕೆ ಒಂದು. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕು. ನಮ್ಮ ಮನೆಗಳ ಪ್ಲಿಂತ್ ಒಂದೂವರೆ ಅಡಿ ಇದ್ದರೆ ಹದಿನೆಂಟು ಅಡಿ. ಮೂವತ್ತು ನಲವತ್ತರ ಸೈಟಿನ ಮುಂಭಾಗದಲ್ಲಿ ಅಷ್ಟು ಜಾಗ ಸಿಗುವುದಿಲ್ಲ ಎಂದು ಎರಡಡಿಯ ಕಡಿದಾದ ಸಿಮೆಂಟು ಜಾರುಬಂಡೆ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಸ್ಕೂಟರಿಗೆ ಸರಿ, ಮನುಷ್ಯನಿಗೆ ಅಪಾಯ. ಮನೆಯ ಪಕ್ಕದ ಮೂರಡಿ ಓಣಿಯಲ್ಲಿ ರ‍್ಯಾಂಪ್ ತೆಗೆದುಕೊಂಡು ಹೋಗಿ ಅಡುಗೆಮನೆ ಬಾಗಿಲಿಗೆ ಸೇರಿಸಬಹುದು. ತಿರುಗುವ ಕಡೆ ಐದಡಿ ಚೌಕದ ಸಮತಟ್ಟು ಜಾಗ ಬಿಡಬೇಕು. ಹೊಸ್ತಿಲು ಕೀಳಬೇಕಾಗಿಲ್ಲ, ಎರಡೂ ಕಡೆ ಮರದ ಓರೆ ಪಟ್ಟಿ ಇಟ್ಟರೆ ಗಾಲಿ ದಾಟುತ್ತದೆ.

ಬಚ್ಚಲ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ. ಗಾಲಿಕುರ್ಚಿಗೆ ಮೂರಡಿ ಬೇಕು. ಆ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಒಳಗೆ ಹೋಗಲಾರರು. ಕಮೋಡ್ ಪಕ್ಕದ ಗೋಡೆಗೆ ಹಿಡಿದು ಏಳಲು ಒಂದು ಗಟ್ಟಿ ಕಂಬಿ, ನೆಲಕ್ಕೆ ಜಾರದ ಟೈಲ್ಸ್. ನಾನು ಹೇಳಿದ ಕೆಲಸಗಳಲ್ಲಿ ಹೆಚ್ಚಿನವು ಒಬ್ಬ ಮೇಸ್ತ್ರಿ, ಒಬ್ಬ ಬಡಗಿ ಸೇರಿ ಒಂದು ವಾರದಲ್ಲಿ ಮುಗಿಸುವಂಥವು. ನಮ್ಮ ಸಮಾಜದಲ್ಲಿ ನಿವೃತ್ತ ಇಂಜಿನಿಯರುಗಳಿಗೆ ಬರವಿಲ್ಲ. ನಾಲ್ಕು ಜನ ಟೇಪು ಹಿಡಿದು ಮನೆಗಳಿಗೆ ಹೋದರೆ ಸಾಕು. ಇದರ ಫಲ ನಾಳೆ ನಮಗೂ ಸಿಗುತ್ತದೆ. ಎಪ್ಪತ್ತು ದಾಟಿದ ಮೇಲೆ ಮಂಡಿ ನಮ್ಮ ಮಾತು ಕೇಳುವುದಿಲ್ಲ.

ಇನ್ನು ಸ್ವಲ್ಪ ಕಹಿ ಮಾತು. ನಮ್ಮ ಮನೆಗಳಲ್ಲಿ ಇಂಥ ಮಕ್ಕಳನ್ನು ಬಚ್ಚಿಡುವ ರೂಢಿ ಇನ್ನೂ ಹೋಗಿಲ್ಲ. ಹೆಣ್ಣು ನೋಡಲು ಬರುವವರಿಗೆ ಅಣ್ಣ ಕಾಣಬಾರದೆಂದು ಅವನನ್ನು ಆ ದಿನ ನೆಂಟರ ಮನೆಗೆ ಸಾಗಿಸುತ್ತಾರೆ. ಪೂರ್ವಜನ್ಮದ ಕರ್ಮ ಎಂದು ತಾಯಿಯ ಎದುರಿಗೇ ಹೇಳುವವರಿದ್ದಾರೆ, ವಿಭೂತಿ ಧರಿಸಿದವರೇ ಹೇಳುತ್ತಾರೆ. ಹುಟ್ಟಿನ ಮೇಲೆ ಮನುಷ್ಯನ ಬೆಲೆ ಕಟ್ಟಬಾರದು ಎಂದು ಶರಣರು ಕಲ್ಯಾಣದಲ್ಲಿ ಪ್ರಾಣವನ್ನೇ ಪಣಕ್ಕಿಟ್ಟರು. ಜಾತಿಯಲ್ಲಿ ಹುಟ್ಟಿನ ಲೆಕ್ಕ ಬೇಡ, ಅಂಗದಲ್ಲಿ ಹುಟ್ಟಿನ ಲೆಕ್ಕ ಇರಲಿ ಎಂದರೆ ಅದು ಯಾವ ಬಸವತತ್ವ?

ಆರೈಕೆಯ ಭಾರ ಯಾರ ಮೇಲಿದೆ ಎಂಬುದನ್ನೂ ಕೇಳಿಕೊಳ್ಳಬೇಕು. ತಾಯಿ, ಹೆಂಡತಿ, ಮದುವೆಯಾಗದ ತಂಗಿ, ಸೊಸೆ. ತ್ಯಾಗಮಯಿ ಎಂದು ಹೊಗಳಿ ಅವರನ್ನು ಅಲ್ಲೇ ಬಿಡುತ್ತೇವೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಅಂದರೆ ಆ ಮನೆಯ ಹೆಣ್ಣುಮಗಳು ವರ್ಷಗಟ್ಟಲೆ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿಲ್ಲ. ಆಕೆಗೆ ಹೊಗಳಿಕೆ ಬೇಡ, ವಾರಕ್ಕೆ ಒಂದು ಅರ್ಧ ದಿನ ಬಿಡುವು ಬೇಕು. ಹಾಗೆಯೇ ಆರೈಕೆಗೆ ಬರುವ ಕೆಲಸದವರಿಗೆ ನ್ಯಾಯವಾದ ಸಂಬಳ ಕೊಡಬೇಕು. ಸೇವೆ ಎಂದು ಹೇಳಿ ಅವರ ಹೊಟ್ಟೆಯ ಮೇಲೆ ಹೊಡೆಯಬಾರದು. ಇನ್ನೊಬ್ಬರ ಮೈ ತೊಳೆಯುವುದು ಕೀಳು ಕೆಲಸ ಎಂದುಕೊಂಡವರಿಗೆ ಕಾಯಕದ ಪಾಠ ಇನ್ನೂ ಹತ್ತಿಲ್ಲ.

“ನಮ್ಮ ನಂತರ ಯಾರು?” ಎಂಬ ಪ್ರಶ್ನೆಗೆ ಪ್ರತಿ ತಂದೆತಾಯಿ ತಾವಿರುವಾಗಲೇ ಕಾಗದದ ಮೇಲೆ ಉತ್ತರ ಬರೆದಿಡಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವೈಕಲ್ಯ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನರು ಇರುವ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಹದಿನೆಂಟು ದಾಟಿದವರಿಗೂ ಅಗತ್ಯವಿದ್ದರೆ ಪೋಷಕರನ್ನು ನೇಮಿಸುವ ಅಧಿಕಾರ ಅದಕ್ಕಿದೆ. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಸಲ್ಲಿಸಬೇಕು. ಇದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತದೆ. ಆದರೆ ಒಂದು ಎಚ್ಚರ. ಪೋಷಕ ಎಂದರೆ ಮಾಲೀಕನಲ್ಲ. ಎಲ್ಲರಿಗೂ ಪೋಷಕರು ಬೇಕಾಗುವುದೂ ಇಲ್ಲ. ಮಾತು ತಡವರಿಸಿದ ಮಾತ್ರಕ್ಕೆ ತೀರ್ಮಾನ ಮಾಡಲಾರ ಎಂದುಕೊಳ್ಳಬಾರದು. 2016ರ ಕಾಯ್ದೆಯೂ ಸೀಮಿತ ಪೋಷಕತ್ವದಲ್ಲಿ ಇಬ್ಬರೂ ಕೂಡಿ ತೀರ್ಮಾನಿಸಬೇಕು ಎನ್ನುತ್ತದೆ.

ಹಾಗಾದರೆ ಆಶ್ರಮಗಳು ಬೇಡವೇ ಎಂದು ಕೇಳಬಹುದು. ಯಾರೂ ಇಲ್ಲದವರಿಗೆ ಬೇಕು. ಆದರೆ ಅವು ಊರ ಹೊರಗಿನ ನೂರು ಹಾಸಿಗೆಯ ಕಟ್ಟಡಗಳಾಗದೆ, ನಾಲ್ಕೈದು ಜನ ಒಂದು ಬಾಡಿಗೆ ಮನೆಯಲ್ಲಿ, ತಮಗೆ ಗೊತ್ತಿರುವ ಹಾಲಿನವನು, ತರಕಾರಿಯವನು ಇರುವ ಬೀದಿಯಲ್ಲೇ ಇರುವಂತಾಗಲಿ.

ಈಗ ನನ್ನ ಬಿನ್ನಹ. ಇಂಜಿನಿಯರ್ ಆದ್ದರಿಂದ ಅಂದಾಜು ಪಟ್ಟಿ ಇಲ್ಲದೆ ಕೂರುವುದಿಲ್ಲ.

ಒಂದು, ಮುಂದಿನ ಗೋಷ್ಠಿಯೊಳಗೆ ನಮ್ಮ ಬಡಾವಣೆಯ ಅಂಥ ಮನೆಗಳ ಪಟ್ಟಿಯಾಗಲಿ. ಜಾತಿ, ಮತ ಕೇಳದೆ ಎಲ್ಲ ಮನೆಗಳೂ ಅದರಲ್ಲಿರಲಿ. ಏನು ಬೇಕೆಂದು ವಿಕಲಚೇತನರನ್ನೇ ಕೇಳಿ, ಆಮೇಲೆ ಮನೆಯವರನ್ನು ಕೇಳಿ. ಒಪ್ಪಿಗೆಯಿಲ್ಲದೆ ಯಾರ ಹೆಸರೂ ಹೊರಗೆ ಹೋಗಬಾರದು.

ಎರಡು, ತರಬೇತಿ ಪಡೆದ ಇಬ್ಬರು ಕಾರ್ಯಕರ್ತರನ್ನು ಸಂಬಳ ಕೊಟ್ಟು ನೇಮಿಸೋಣ. ಒಬ್ಬರು ದಿನಕ್ಕೆ ನಾಲ್ಕು ಮನೆಯಂತೆ ವಾರಕ್ಕೆ ಐದು ದಿನ ಹೋದರೆ ಇಪ್ಪತ್ತು ಭೇಟಿ. ಇಬ್ಬರಿದ್ದರೆ ಇಪ್ಪತ್ತು ಮನೆಗಳಿಗೆ ವಾರಕ್ಕೆ ಎರಡು ಸಲ. ನಮ್ಮ ಸಮಾಜದ ಕಲ್ಯಾಣ ಮಂಟಪಗಳ ಬಾಡಿಗೆಯಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೆ ವರ್ಷವರ್ಷವೂ ಕೈಚಾಚಬೇಕಾಗಿಲ್ಲ.

ಮೂರು, ಮದುವೆಯಿಲ್ಲದ ದಿನಗಳಲ್ಲಿ ಅದೇ ಮಂಟಪದ ನೆಲಮಹಡಿ ಹಗಲು ಕೇಂದ್ರವಾಗಲಿ. ತಾಯಂದಿರಿಗೆ ಬಿಡುವು ಅಲ್ಲಿ ಸಿಗಲಿ. ಬರುವವರ ಕೈಗೆ ಏನಾದರೂ ಕೆಲಸ ಸಿಗಲಿ.

ನಾಲ್ಕು, ಸರ್ಕಾರದ ಬಾಕಿಯನ್ನು ಕೇಳೋಣ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆಂದು ಮೀಸಲಿಡಬೇಕಾದ ಶೇಕಡಾ 5ರಷ್ಟು ಹಣ ನಮ್ಮ ವಾರ್ಡಿನಲ್ಲಿ ಎಲ್ಲಿ ಖರ್ಚಾಯಿತೆಂದು ಬರೆದು ಕೇಳೋಣ. ನಾವು ಮಾಡುವ ದಾಸೋಹ ಸರ್ಕಾರದ ಹೊಣೆಗೆ ಬದಲಿಯಾಗಬಾರದು.

ಐದು, ಪೂಜ್ಯರಲ್ಲಿ ಒಂದು ಪ್ರಾರ್ಥನೆ. ಭಕ್ತರ ಮನೆಗೆ ಪಾದಪೂಜೆಗೆ ದಯಮಾಡಿಸುವಾಗ ಒಳಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಂದು ಮಾತು ಕೇಳಬೇಕು. ಇದ್ದರೆ ಅವರ ಪಕ್ಕದಲ್ಲಿ ಐದು ನಿಮಿಷ ಕೂರಬೇಕು. ನಾವು ಹತ್ತು ಭಾಷಣ ಮಾಡಿದರೂ ತೆರೆಯದ ಬಾಗಿಲು ಆ ಒಂದು ಪ್ರಶ್ನೆಗೆ ತೆರೆಯುತ್ತದೆ.

ಪಟ್ಟಿಗಾಗಿ ಒಂದು ನೋಟ್‌ಪುಸ್ತಕ ತಂದಿದ್ದೇನೆ. ಪ್ರಸಾದಕ್ಕೆ ಹೋಗುವ ಮುಂಚೆ ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಅದರಲ್ಲಿ ಹೆಸರು ಬರೆಯಿರಿ. ಹತ್ತು ಹೆಸರಾದರೆ ಬರುವ ಭಾನುವಾರವೇ ಹೊರಡೋಣ.